ಇಂಗ್ಲಂಡದ ಪಟ್ಟಿ-ಹೊಲಗಳು ಕಲಿಸುವ ಪಾಠ

ಹೋದ ತಿಂಗಳು ನಮ್ಮೂರ ಚಾವಡಿಯಲ್ಲಿ ಒಂದು ಸಭೆ ನಡೆಯಿತು. ತುಂಡು ತುಂಡಾದ ಹೊಲಗಳನ್ನು ಅದಲು-ಬದಲು ಮಾಡಿಕೊಂಡು ಒಬ್ಬೊಬ್ಬರದು ಒಂದೇ ಕಡೆ ಬರುವಂತೆ ಮಾಡಬೇಕೆಂಬುದು ವಿಷಯ. ವಿಚಾರ ಒಳ್ಳೆಯದೇ. ಆದರೆ ಸಭೆಗೆ ಬಂದಿದ್ದ ಕಲಿತ ತರುಣರೊಬ್ಬರು ಮಾತಿನ ಭರದಲ್ಲಿ, “ಹೊಲವನ್ನು ಹೀಗೆ ಪಟ್ಟಿ ಪಟ್ಟಿಯಾಗಿ ಸೀಳಿಕೊಂಡು ಕೂತವರು ಜಗತ್ತಿನಲ್ಲಿ ನಾವೇ. ಇಂಗ್ಲಂಡದಂಥ ದೇಶದಲ್ಲಿ ಮೊದಲಿನಿಂದಲೂ ಒಬ್ಬೊಬ್ಬ ರೈತನಿಗೆ ಬೇಲಿ ಹಾಕಿದ ಒಂದೇ ದೊಡ್ಡ ಹೊಲ” ಎಂದರು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ಹೊರಳಿ, “ಹೌದೇನ್ರಿ ಮಾಸ್ತರ, ನಮ್ಮ ಅಜ್ಜಂದಿರಿಗೆ ಅಷ್ಟೂ ಬುದ್ಧಿ ಇರಲಿಲ್ಲೇನು?” ಎಂದು ಕೇಳಿದರು. ತುಂಬಿದ ಸಭೆಯಲ್ಲಿ ಎದ್ದು ಎದುರಾಡುವ ಧೈರ್ಯ ನನಗಾಗಲಿಲ್ಲ. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವನು. ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋಗುವವನು. ನನ್ನ ಪಾಲಿಗೆ ಬಂದ ಎಂಟು ಎಕರೆಯೂ ಮೂರು ಕಡೆ ಹಂಚಿಹೋಗಿದೆ: ಹಳ್ಳದ ದಂಡೆಯ ಎರೆ, ದಿಬ್ಬದ ಮಸಾರಿ, ಊರ ಮಗ್ಗುಲಿನ ಒಂದು ತುಣುಕು. ಒಂದರಿಂದ ಇನ್ನೊಂದಕ್ಕೆ ಗಳೆ ಸಾಗಿಸುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ಆದುದರಿಂದ ಹೊಲ ಕೂಡಿಸಲೇಬಾರದೆಂದು ನಾನು ಹೇಳುವವನಲ್ಲ. ಆದರೆ ಚದುರಿದ ಹೊಲವೆಂದರೆ ಅಜ್ಞಾನ, ಕೂಡಿದ ಹೊಲವೆಂದರೆ ಜ್ಞಾನ ಎಂದು ತಿಳಿದು ಹೊರಟರೆ ಕೂಡಿಸುವ ಕೆಲಸದಲ್ಲಿಯೇ ನಾವು ಮೋಸ ಹೋದೇವು. ಈ ಮಾತಿಗೆ ಸಾಕ್ಷಿ ಆ ತರುಣರು ಹೆಸರು ಹೇಳಿದ ಇಂಗ್ಲಂಡದಲ್ಲಿಯೇ ಇದೆ.

ಎಕರೆ ಹುಟ್ಟಿದ್ದು ಪಟ್ಟಿ-ಹೊಲದಲ್ಲಿ

ನಮ್ಮ ಉತಾರೆಯಲ್ಲಿ ಎಕರೆ-ಗುಂಟೆ ಎಂದು ಬರೆದಿರುತ್ತದಲ್ಲವೆ? ಆ ಎಕರೆಯೇ ಇಂಗ್ಲಂಡದ ಪಟ್ಟಿ-ಹೊಲದ ಕೂಸು. ಎತ್ತಿನ ಗಳೆ ಒಂದು ದಿನದಲ್ಲಿ ಉಳುವಷ್ಟು ನೆಲಕ್ಕೆ ಅಲ್ಲಿಯವರು ಎಕರೆ ಎನ್ನುತ್ತಿದ್ದರು. ನಮ್ಮ ಹಿರಿಯರು ಕೂರಿಗೆಯ ಲೆಕ್ಕದಿಂದ ಹೊಲ ಹೇಳುತ್ತಿದ್ದ ಹಾಗೆ ಅದೂ ದುಡಿಮೆಯ ಅಳತೆ. ಉಳುವ ಸಾಲಿನ ಉದ್ದಕ್ಕೆ ಅವರು ‘ಫರ್ಲಾಂಗು’ ಎಂದು ಕರೆದರು. ಆ ಶಬ್ದದ ಅರ್ಥವೇ ‘ಸಾಲಿನ ಉದ್ದ’. ಎತ್ತುಗಳು ಮಧ್ಯೆ ನಿಲ್ಲದೆ ಅಷ್ಟು ದೂರ ಎಳೆದು, ತುದಿಯಲ್ಲಿ ಉಸಿರು ಬಿಟ್ಟು ಹಿಂದಿರುಗುತ್ತಿದ್ದವು. ಸುಮಾರು 1300ರ ಹೊತ್ತಿಗೆ ಈ ಅಳತೆ ಗಟ್ಟಿಯಾಗಿ ನಿಂತಿತು: 40 ಕೋಲು ಉದ್ದ, 4 ಕೋಲು ಅಗಲ, ಕೋಲಿಗೆ ಹದಿನಾರೂವರೆ ಅಡಿ. ಅಂದರೆ ಉದ್ದ 220 ಗಜ, ಅಗಲ 22 ಗಜ. ಗುಣಿಸಿದರೆ 4,840 ಚದರ ಗಜ. ಎಕರೆ ಎಂಬುದು ಮೂಲತಃ ಚೌಕವಲ್ಲ, ಅಗಲದ ಹತ್ತರಷ್ಟು ಉದ್ದವಾದ ಪಟ್ಟಿ ಎಂಬುದನ್ನು ಗಮನಿಸಬೇಕು.

ಈ ಅಳತೆ ನಮ್ಮ ಸೀಮೆಗೆ ಬಂದುದು ಮುಂಬಯಿ ಇಲಾಖೆಯ ಸರ್ವೆಯ ಮೂಲಕ. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಿಂದ ಆ ಕೆಲಸ ಪ್ರಾರಂಭಿಸಿದರು. ಅವರ ಸರಪಳಿ 33 ಅಡಿಯದು, ಅಂದರೆ ಎರಡು ಇಂಗ್ಲಿಷ್ ಕೋಲು. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆಯಾಯಿತು. ಅಂಥ 40 ಗುಂಟೆ ಒಂದು ಎಕರೆ. ಹೀಗೆ ನೋಡಿದರೆ, ಯಾವ ಪಟ್ಟಿ-ಹೊಲವನ್ನು ಕಂಡು ನಾವು ನಾಚಬೇಕೆಂದು ಆ ತರುಣರು ಹೇಳಿದರೋ ಆ ಪಟ್ಟಿಯ ಅಳತೆಯಿಂದಲೇ ನಮ್ಮ ಹೊಲ ಅಳೆಯಲ್ಪಟ್ಟಿದೆ.

ಮೂರು ಬಯಲು, ಒಂದು ಊರು

ಇಂಗ್ಲಂಡದ ಎಲ್ಲ ಭಾಗದಲ್ಲಿಯೂ ಒಂದೇ ಪದ್ಧತಿ ಇರಲಿಲ್ಲ. ಕೆಂಟ್, ಡೆವನ್ ಮೊದಲಾದ ಕಡೆ ಬೇರೆ ರೀತಿ. ಆದರೆ ಕಾಳು ಬೆಳೆಯುವ ಮಧ್ಯಭಾಗದ ಸೀಮೆಯಲ್ಲಿ ಎಂಟು ನೂರು ವರ್ಷಗಳಷ್ಟು ಕಾಲ ಪಟ್ಟಿ-ಹೊಲವೇ ನಡೆಯಿತು. ಊರ ಸುತ್ತ ಎರಡೋ ಮೂರೋ ದೊಡ್ಡ ಬಯಲು. ಒಂದೊಂದು ನೂರಾರು ಎಕರೆ. ಒಳಗೆ ಒಬ್ಬರ ಹೊಲಕ್ಕೂ ಇನ್ನೊಬ್ಬರ ಹೊಲಕ್ಕೂ ನಡುವೆ ಬೇಲಿಯಿಲ್ಲ. ನೂರಾರು ಪಟ್ಟಿಗಳು ಮಗ್ಗುಲು ಮಗ್ಗುಲಿಗೆ ಮಲಗಿರುತ್ತಿದ್ದವು. ಮೂವತ್ತು ಎಕರೆಯ ಒಕ್ಕಲಿಗನದು ಮೂರೂ ಬಯಲುಗಳಲ್ಲಿ ಚದುರಿ, ಹತ್ತಾರು ತುಂಡುಗಳಾಗಿ ಇರುತ್ತಿತ್ತು. ಊರ ಜಮೀನುದಾರ ದೊರೆಯ ಸ್ವಂತ ಸಾಗುವಳಿಯ ನೆಲವೂ ಎಷ್ಟೋ ಊರುಗಳಲ್ಲಿ ಇದೇ ಪಟ್ಟಿಗಳ ನಡುವೆ ಬೆರೆತಿರುತ್ತಿತ್ತು.

ಮೂರು ಬಯಲಿನ ಊರಲ್ಲಿ ಒಂದಕ್ಕೆ ಶರತ್ಕಾಲದಲ್ಲಿ ಗೋದಿ ಅಥವಾ ರೈ ಬಿತ್ತುವರು. ಎರಡನೆಯದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಅವರೆಯ ಜಾತಿಯ ಕಾಳು. ಮೂರನೆಯದು ಬೀಳು. ಮರುವರ್ಷ ಸರದಿ ತಿರುಗುವುದು. ಬೀಳು ಬಿಟ್ಟ ಬಯಲಿನಲ್ಲಿಯೂ, ಪೈರು ಕೊಯ್ದ ಕೂಳೆಯಲ್ಲಿಯೂ ಇಡೀ ಊರಿನ ದನ-ಕುರಿ ಮೇಯುವವು. ಅವುಗಳ ಗೊಬ್ಬರವೇ ಹೊಲಕ್ಕೆ ಬೀಳುವ ಮುಖ್ಯ ಗೊಬ್ಬರ. ಕುರಿ ಹಟ್ಟಿಯನ್ನು ಹೊಲದಲ್ಲಿ ಕೂಡಿಸಿ ಗೊಬ್ಬರ ಮಾಡುವ ನಮ್ಮ ಪದ್ಧತಿ ಅಲ್ಲಿಯೂ ಇತ್ತು. ಎಲ್ಲರ ದನ ಒಂದೇ ದಿನ ಒಳಗೆ ಬರಬೇಕಾದರೆ ಎಲ್ಲರೂ ಒಂದೇ ಬೆಳೆ ಬಿತ್ತಬೇಕು, ಒಂದೇ ಹೊತ್ತಿಗೆ ಕೊಯ್ಯಬೇಕು. ಆದುದರಿಂದ ಬಿತ್ತನೆಯ ತೀರ್ಮಾನ ಒಬ್ಬನದಲ್ಲ, ಊರಿನದು.

ಉಳುಮೆಯ ಬಗೆಯನ್ನೂ ಹೇಳಬೇಕು. ಅಲ್ಲಿಯ ಭಾರವಾದ ಜಿಗಿ ಮಣ್ಣಿಗೆ ಎಂಟು ಎತ್ತಿನ ದೊಡ್ಡ ನೇಗಿಲು ಬೇಕೆಂದು ಲೆಕ್ಕ. ಆ ನೇಗಿಲು ಮಣ್ಣನ್ನು ಬಲಕ್ಕೆ ಮಾತ್ರ ಹೊರಳಿಸುತ್ತಿತ್ತು. ಪಟ್ಟಿಯ ಸುತ್ತ ಸುತ್ತಿ ಉಳುತ್ತ ಹೋದಂತೆ ಮಣ್ಣು ವರ್ಷ ವರ್ಷಕ್ಕೆ ನಡುವಿನಲ್ಲಿ ಏರಿ ದಿಣ್ಣೆಯಾಗುವುದು, ಎರಡು ದಿಣ್ಣೆಗಳ ನಡುವೆ ಕಾಲುವೆ ಬೀಳುವುದು. ಮಳೆ ಹೆಚ್ಚಾದಾಗ ನೀರು ಆ ಕಾಲುವೆಯಲ್ಲಿ ಹರಿದು ಹೋಗುವುದು. ನಾವು ನೀರು ನಿಲ್ಲಿಸಲು ಒಡ್ಡು ಹಾಕಿದರೆ, ಅವರು ನೀರು ಹೊರಗೆ ಹಾಕಲು ಪಟ್ಟಿ ಕಟ್ಟಿದರು. ಉದ್ದವಾದ ಎತ್ತಿನ ಸಾಲನ್ನು ತುದಿಯಲ್ಲಿ ತಿರುಗಿಸಬೇಕಾದರೆ ಸ್ವಲ್ಪ ಮುಂಚಿನಿಂದಲೇ ಓರೆಯಾಗಿ ಹೊಡೆಯಬೇಕು. ಅದಕ್ಕೇ ಹಳೆಯ ಪಟ್ಟಿಗಳು ನೆಟ್ಟಗಿಲ್ಲದೆ ಹಾವಿನಂತೆ ಬಳುಕಿವೆ. ಅನಂತರ ಹುಲ್ಲುಗಾವಲಾಗಿ ಉಳಿದ ಕಡೆ ಆ ಬಳುಕಿನ ದಿಣ್ಣೆಗಳು ಇಂದಿಗೂ ಕಣ್ಣಿಗೆ ಕಾಣುತ್ತವೆ.

ಇಷ್ಟೆಲ್ಲ ನಡೆಸಲು ದೊರೆಯ ನ್ಯಾಯಸಭೆಯಲ್ಲಿ ಊರವರೇ ಪಂಚರಾಗಿ ಕೂತು ಕಟ್ಟಳೆ ಮಾಡುತ್ತಿದ್ದರು. ನೆರೆಯವನ ಪಟ್ಟಿಯಲ್ಲಿ ಒಂದು ಸಾಲು ಒತ್ತಿದರೆ ದಂಡ. ಹೊತ್ತಿಗೆ ಮುಂಚೆ ದನ ಬಿಟ್ಟರೆ ದಂಡ. ಬೇಲಿ ಮತ್ತು ಪೈರು ಕಾಯಲು ಒಬ್ಬ ಕಾವಲುಗಾರ. ತುಡುಗು ದನ ಕೂಡಿಹಾಕಲು ಒಂದು ಕೊಂಡವಾಡ, ಅದಕ್ಕೊಬ್ಬ ಆಳು. ಸುಗ್ಗಿಯಲ್ಲಿ ಹಕ್ಕಲು ಆಯುವುದಕ್ಕೂ ಕಟ್ಟಳೆ ಇತ್ತು: ಸಿವುಡುಗಳನ್ನು ಸಾಗಿಸಿದ ಮೇಲೆ ಆಯಬೇಕು, ಕೊಯ್ಲಿನ ಕೂಲಿಗೆ ಹೋಗಬಲ್ಲ ಗಟ್ಟಿಗರು ಆಯಬಾರದು, ಮುದುಕರಿಗೆ, ಅಶಕ್ತರಿಗೆ, ಮಕ್ಕಳಿಗೆ ಬಿಡಬೇಕು. ಈ ಕಟ್ಟಳೆಗಳ ದಾಖಲೆ 13-14ನೆಯ ಶತಮಾನದ ಸುರುಳಿಗಳಲ್ಲಿ ಇದೆ.

ಚದುರಿಸಿದ್ದೇಕೆ?

ಇಷ್ಟು ತೊಡಕಾದ ಪದ್ಧತಿಯನ್ನು ಜನ ಶತಮಾನಗಟ್ಟಲೆ ಏಕೆ ಹಿಡಿದುಕೊಂಡರು? ಪಂಡಿತರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. 1883ರಲ್ಲಿ ಸೀಬೋಮ್ ಎಂಬವರು, ಕೂಡಿ ಉಳುವುದೇ ಕಾರಣವೆಂದರು. ಎಂಟೂ ಎತ್ತು ಒಬ್ಬನ ಹತ್ತಿರ ಇರುತ್ತಿರಲಿಲ್ಲ; ನಾಲ್ಕು ಮನೆಯವರು ತಲಾ ಎರಡು ಎತ್ತು ತಂದು ಗಳೆ ಕಟ್ಟಿದರೆ, ಉತ್ತ ನೆಲ ಎತ್ತಿನ ಪಾಲಿನಂತೆ ಸರದಿಯಲ್ಲಿ ಹಂಚಿಹೋಗುತ್ತಿತ್ತು. ಉತ್ತರದ ಜಿಲ್ಲೆಗಳಲ್ಲಿ ಸುಮಾರು 15 ಎಕರೆಯ ಹಿಡುವಳಿಗೆ ‘ಎತ್ತಿನ ಪಾಲು’ ಎಂಬ ಅರ್ಥದ ಹೆಸರೇ ಇತ್ತು. ಅಂಥ ಎಂಟು ಕೂಡಿದರೆ ಪೂರ್ತಿ ಒಂದು ನೇಗಿಲ ನೆಲ, ಸುಮಾರು 120 ಎಕರೆ. 1892ರಲ್ಲಿ ವಿನೊಗ್ರಾಡೊಫ್ ಎಂಬವರು, ಸಮಪಾಲು ಹಂಚುವ ನ್ಯಾಯಬುದ್ಧಿಯೇ ಕಾರಣವೆಂದರು: ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ, ಹತ್ತಿರದ್ದೂ ದೂರದ್ದೂ ಎಲ್ಲರಿಗೂ ಬರಲಿ ಎಂದು. 1976ರಲ್ಲಿ ಮೆಕ್ಲಾಸ್ಕಿ ಎಂಬ ಅರ್ಥಶಾಸ್ತ್ರಜ್ಞರು, ಇದು ಬರಗಾಲಕ್ಕೆ ಮಾಡಿಟ್ಟ ಭದ್ರತೆ ಎಂದು ವಾದಿಸಿದರು. ತಗ್ಗಿನ ಪಟ್ಟಿ ನೀರು ನಿಂತು ಕೊಳೆತರೆ ದಿಬ್ಬದ ಪಟ್ಟಿ ಉಳಿದೀತು. ಒಂದು ಮಗ್ಗುಲಿಗೆ ಆಣೆಕಲ್ಲು ಬಿದ್ದರೆ ಇನ್ನೊಂದು ಮಗ್ಗುಲು ಪಾರಾದೀತು. ಸರಾಸರಿ ಇಳುವರಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಒಂದು ವರ್ಷದಲ್ಲಿಯೇ ಮನೆ ಮುಳುಗುವ ಭಯವನ್ನು ಜನ ಕಡಿಮೆ ಮಾಡಿಕೊಂಡರು. ಎರೆಯನ್ನೂ ಮಸಾರಿಯನ್ನೂ ಅಡ್ಡ ಸೀಳದೆ ಉದ್ದುದ್ದ ಸೀಳಿ ಅಣ್ಣತಮ್ಮಂದಿರಿಗೆ ಹಂಚಿದ ನಮ್ಮ ಹಿರಿಯರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಡಿ ಹೊಗಳುವ ಕಾಲವೇನಲ್ಲ

ಹಾಗೆಂದು ಅದು ರಾಮರಾಜ್ಯವಾಗಿತ್ತೆಂದು ಯಾರೂ ತಿಳಿಯಬಾರದು. ಬಿತ್ತಿದ ಗೋದಿಗೆ ನಾಲ್ಕು ಪಟ್ಟು ಬಂದರೆ ಆ ಕಾಲಕ್ಕೆ ಸಾಧಾರಣ ಬೆಳೆ. ಅದರಲ್ಲಿ ಒಂದು ಪಾಲು ಮರುವರ್ಷದ ಬೀಜಕ್ಕೆ ತೆಗೆದಿಡಬೇಕು. ನಾವು ಎಕರೆಗೆ ಮೂರು-ನಾಲ್ಕು ಕಿಲೋ ಜೋಳ ಬಿತ್ತಿ ಕ್ವಿಂಟಲ್ ಲೆಕ್ಕದಲ್ಲಿ ರಾಶಿ ಮಾಡುವವರು; ಬೆಳೆದುದರ ಕಾಲುಭಾಗ ಬೀಜಕ್ಕೇ ಹೋಗುವ ಒಕ್ಕಲುತನ ಎಂಥದೆಂದು ಊಹಿಸಿ ನೋಡಿರಿ. 13ನೆಯ ಶತಮಾನದ ಕೃಷಿಗ್ರಂಥಕಾರ ವಾಲ್ಟರ್ ಆಫ್ ಹೆನ್ಲಿ, ಬೀಜದ ಮೂರು ಪಟ್ಟು ಮಾತ್ರ ಬಂದರೆ ಲಾಭವಿಲ್ಲವೆಂದು ಲೆಕ್ಕ ಹಾಕಿ ತೋರಿಸಿದ್ದಾನೆ. 1315ರಿಂದ 1317ರವರೆಗೆ ಮಳೆ ಬಿಡದೆ ಹೊಡೆದಾಗ ಮೇಲಿಂದ ಮೇಲೆ ಬೆಳೆ ಹೋಗಿ ದೊಡ್ಡ ಕ್ಷಾಮ ಬಿತ್ತು. ಅಂಥ ಸರ್ವನಾಶದ ಮಳೆಗೆ ಪಟ್ಟಿ ಚದುರಿಸಿದ ಉಪಾಯವೂ ಸಾಲಲಿಲ್ಲ.

ಇದರ ಮೇಲೆ ಜೀತ. ಬಂಧಿತ ಒಕ್ಕಲು ವಾರಕ್ಕೆ ಎರಡು-ಮೂರು ದಿನ ದೊರೆಯ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಮಗಳ ಮದುವೆಗೆ ಕಾಣಿಕೆ ಕೊಡಬೇಕು. ಮನೆಯ ಯಜಮಾನ ಸತ್ತರೆ ಹಟ್ಟಿಯಲ್ಲಿನ ಅತ್ಯುತ್ತಮ ದನವನ್ನು ದೊರೆ ಹೊಡೆದುಕೊಂಡು ಹೋಗುವನು. ದೊರೆಯ ಗಿರಣಿಯಲ್ಲಿಯೇ ಬೀಸಿಸಬೇಕು. ಇಗರ್ಜಿಗೆ ಬೆಳೆಯ ಹತ್ತನೆಯ ಒಂದು ಪಾಲು ಬೇರೆ. ಪಟ್ಟಿ-ಹೊಲ ಜಾಣತನದ್ದಾಗಿತ್ತು, ಅದರ ಮೇಲೆ ಕೂತ ಭಾರ ಅನ್ಯಾಯದ್ದಾಗಿತ್ತು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ದತ್ತಿಪತ್ರದಲ್ಲಿ ಇದ್ದವರು, ಇಲ್ಲದವರು

ಈ ಭಾರ ಕೂತುದು ಕಾಗದದ ಮೂಲಕ, ಅಂದಿನ ತೊಗಲಿನ ಹಾಳೆಯ ಮೂಲಕ. ಇಂಗ್ಲಂಡದಲ್ಲಿ ಉಳಿದಿರುವ ಅತಿ ಹಳೆಯ ಮೂಲ ದತ್ತಿಪತ್ರ 679ರದು. ಕೆಂಟಿನ ರಾಜ ಹ್ಲೋಥೆರೆ ಒಂದು ಮಠಕ್ಕೆ ಭೂಮಿ ಕೊಟ್ಟ ಪತ್ರ. ಮುಂದಿನ ಶತಮಾನಗಳ ಪತ್ರಗಳಲ್ಲಿ ಚತುಸ್ಸೀಮೆಯನ್ನು ಆಡುಮಾತಿನಲ್ಲಿಯೇ ಬರೆದರು: ಇಂಥ ತೊರೆಯಿಂದ ಹಳೆಯ ಓಕ್ ಮರಕ್ಕೆ, ಅಲ್ಲಿಂದ ಹಳ್ಳಕ್ಕೆ, ಅಲ್ಲಿಂದ ದಿಣ್ಣೆಗೆ ಎಂದು. ಕೆಳಗೆ ಸಾಕ್ಷಿಗಳ ಹೆಸರು, ದತ್ತಿಯನ್ನು ಕೆಡಿಸಿದವನಿಗೆ ಶಾಪ. ನಮ್ಮ ಶಿಲಾಶಾಸನಗಳ ಕೊನೆಯ ಶಾಪವಾಕ್ಯ ಓದಿದವರಿಗೆ ಇದು ಹೊಸದೆನಿಸದು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲಂಡವನ್ನು ಗೆದ್ದ ಮೇಲೆ ನೆಲವೆಲ್ಲ ಮೂಲತಃ ರಾಜನದೆಂಬ ತತ್ತ್ವ ನಿಂತಿತು. ಅವನು ಅದನ್ನು ಸೈನ್ಯ ಸೇವೆಗೆಂದು ಸರದಾರರಿಗೆ, ಪ್ರಾರ್ಥನೆಗೆಂದು ಮಠಗಳಿಗೆ ಕೊಟ್ಟನು. ಅವರು ತಮ್ಮ ಕೆಳಗಿನವರಿಗೆ ಕೊಟ್ಟರು. ಕುದುರೆ ಸಾಕುವುದು, ಬಾಣ ಒಪ್ಪಿಸುವುದು ಮುಂತಾದ ಚಾಕರಿಗೆ ಹತ್ತಿದ ನೆಲವೂ ಇತ್ತು; ನಮ್ಮ ಚಾಕರಿ ಇನಾಮು ಕಂಡವರಿಗೆ ಅದರ ರೀತಿ ತಿಳಿಯುತ್ತದೆ. 1086ರಲ್ಲಿ ವಿಲಿಯಂ ಊರೂರಿಗೆ ಅಧಿಕಾರಿಗಳನ್ನು ಅಟ್ಟಿ ನೆಲವೆಷ್ಟು, ನೇಗಿಲೆಷ್ಟು, ಒಕ್ಕಲೆಷ್ಟು, ಗಿರಣಿ ಎಷ್ಟು, ಬೆಲೆ ಎಷ್ಟು ಎಂದು ಬರೆಯಿಸಿದನು. ಆ ಬರಹದ ಮೇಲೆ ಅಪೀಲಿಲ್ಲವೆಂದು ಜನ ಅದಕ್ಕೆ ಪ್ರಳಯದಿನದ ತೀರ್ಪಿನ ಹೆಸರಿಟ್ಟು ‘ಡೂಮ್ಸ್‌ಡೇ ಪುಸ್ತಕ’ ಎಂದರು.

ನೆಲ ಒಪ್ಪಿಸುವ ವಿಧಿಯೂ ಕೇಳತಕ್ಕದ್ದಾಗಿದೆ. ಕೊಡುವವನೂ ಕೊಳ್ಳುವವನೂ ಸಾಕ್ಷಿಗಳೊಂದಿಗೆ ಅದೇ ಹೊಲಕ್ಕೆ ಹೋಗಿ, ಒಂದು ಹೆಂಟೆ ಮಣ್ಣನ್ನೋ ಒಂದು ಟೊಂಗೆಯನ್ನೋ ಕೈಯಿಂದ ಕೈಗೆ ಕೊಡುತ್ತಿದ್ದರು. ಕರಾರು ಬರೆಯುವಾಗ ಒಂದೇ ತೊಗಲಿನ ಮೇಲೆ ಎರಡು ಸಲ ಬರೆದು, ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಶಬ್ದ ಬರೆದು, ಆ ಶಬ್ದದ ಮೇಲೆಯೇ ಅಂಕುಡೊಂಕಾಗಿ ಕತ್ತರಿಸಿ ಇಬ್ಬರಿಗೂ ಒಂದೊಂದು ಕೊಡುವರು. ತಂಟೆ ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂಡದಿದ್ದರೆ ಸುಳ್ಳು ಪತ್ರ. 1195ರಿಂದ ರಾಜನ ನ್ಯಾಯಾಲಯದಲ್ಲಿ ಆದ ಇಂಥ ಒಪ್ಪಂದಗಳಿಗೆ ಮೂರನೆಯ ಪ್ರತಿ ಬರೆದು ಖಜಾನೆಯಲ್ಲಿ ಇಟ್ಟರು. ಅವು ಇಂದಿಗೂ ಉಳಿದಿವೆ.

ಆದರೆ ಈ ಪತ್ರಗಳಲ್ಲಿ ಉಳುವವನು ಎಲ್ಲಿ? ದತ್ತಿ ಕೊಟ್ಟಾಗ ನೆಲದ ಜೊತೆಗೆ ಬಂಧಿತ ಒಕ್ಕಲುಗಳೂ ಅವರ ಮಕ್ಕಳೂ ಸಾಮಾನಿನಂತೆ ದಾಟಿ ಹೋಗುತ್ತಿದ್ದರು. ದೊರೆಯ ವಿರುದ್ಧ ತನ್ನ ಹೊಲದ ಬಗ್ಗೆ ರಾಜನ ನ್ಯಾಯಾಲಯಕ್ಕೆ ಹೋಗುವ ದಾರಿ ಬಂಧಿತ ಒಕ್ಕಲಿಗೆ ಇರಲಿಲ್ಲ. ಅವನ ಹಕ್ಕೆಲ್ಲ ಊರ ಪದ್ಧತಿ ಮತ್ತು ದೊರೆಯ ನ್ಯಾಯಸಭೆಯ ಸುರುಳಿ. 1348-49ರ ಮಹಾಮಾರಿಯಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸತ್ತುಹೋಯಿತು. ಉಳಿದ ಆಳುಗಳ ಕೂಲಿ ಏರಬಾರದೆಂದು 1351ರಲ್ಲಿ ಕಾಯಿದೆ ಮಾಡಿದರು. 1381ರಲ್ಲಿ ರೈತರು ದಂಗೆಯೆದ್ದಾಗ ಎಷ್ಟೋ ಊರುಗಳಲ್ಲಿ ಮೊದಲು ಸುಟ್ಟುದು ಆ ಸುರುಳಿಗಳನ್ನೇ. ತಮ್ಮ ಜೀತ ಬರೆದಿದ್ದುದು ಅಲ್ಲಿ ಎಂದು. ಮುಂದೆ ಜೀತ ಸಡಿಲಾಗುತ್ತ ಬಂದಂತೆ ಅದೇ ಸುರುಳಿಯ ನಕಲು ರೈತನ ಕೈಗೆ ಬಂದು ಅವನ ಹಿಡುವಳಿಗೆ ಆಧಾರವಾಯಿತು. ಅಂಥ ‘ನಕಲಿನ ಹಿಡುವಳಿ’ ಕಾನೂನಿನಲ್ಲಿ 1926ರವರೆಗೂ ಉಳಿದಿತ್ತು. ಬಂಧನದ ಕಾಗದವೇ ಆಶ್ರಯದ ಕಾಗದವಾಯಿತು. ಆದರೆ ಯಾರ ಹೆಸರು ಯಾವ ಸುರುಳಿಯಲ್ಲಿಯೂ ಇರಲಿಲ್ಲವೋ ಅವರ ಗತಿ ಏನಾಯಿತೆಂಬುದು ಮುಂದಿನ ಕಥೆ.

ಬೇಲಿ ಬಂದ ಬಗೆ

ಬಯಲು ಹೊಲಗಳಿಗೆ ಬೇಲಿ ಹಾಕಿ ಒಬ್ಬೊಬ್ಬರದು ಒಂದೇ ಕಡೆ ಮಾಡುವ ಕೆಲಸ ನಿಧಾನವಾಗಿ ಪ್ರಾರಂಭವಾಯಿತು. 15-16ನೆಯ ಶತಮಾನದಲ್ಲಿ ಉಣ್ಣೆಯ ಬೆಲೆ ಕಂಡು ಕೆಲವು ದೊರೆಗಳು ಊರನ್ನೇ ಬಿಡಿಸಿ ಕುರಿ ಬಿಟ್ಟರು. ಇದನ್ನು ತಡೆಯಲು 1489ರಲ್ಲಿಯೇ ಕಾಯಿದೆ ಬಂತು, 1607ರಲ್ಲಿ ಮಧ್ಯಭಾಗದ ಜಿಲ್ಲೆಗಳಲ್ಲಿ ದಂಗೆಯಾಯಿತು. ಎಷ್ಟೋ ಕಡೆ ಊರವರೇ ಒಪ್ಪಿ ಕೂಡಿಸಿಕೊಂಡದ್ದೂ ಉಂಟು. ಆದರೆ ಕೆಲಸ ಭರಾಟೆಯಿಂದ ನಡೆದುದು ಸುಮಾರು 1750ರಿಂದ 1850ರವರೆಗೆ, ಪಾರ್ಲಿಮೆಂಟಿನ ಕಾಯಿದೆಗಳಿಂದ. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳಾದವು. ಅವುಗಳಡಿ ಬಂದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲಂಡದ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಕ್ರಮ ಹೀಗಿತ್ತು. ಊರಿನ ನೆಲದ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಬೆಲೆಯ ಒಡೆತನವುಳ್ಳವರು ಒಪ್ಪಿದರೆ ಅರ್ಜಿ ಹೋಗುವುದು. ಎಣಿಕೆ ತಲೆಯದಲ್ಲ, ನೆಲದ್ದು. ನಾಲ್ಕೈದು ದೊಡ್ಡ ಒಡೆಯರು ಸೇರಿದರೆ ನೂರು ಸಣ್ಣವರ ಬೇಡ ಎಂಬ ಮಾತಿಗೆ ತೂಕವಿಲ್ಲ. ಇಗರ್ಜಿಯ ಬಾಗಿಲಿಗೆ ನೋಟೀಸು ಅಂಟಿಸುವರು. ಕಮಿಶನರರು ಬಂದು, ಹಕ್ಕಿದ್ದವರು ಬರೆದು ಕೊಡಿರಿ ಎನ್ನುವರು. ಓದು ಬಾರದವನು ಏನು ಬರೆದು ಕೊಟ್ಟಾನು? ಊರ ಹುಲ್ಲುಗಾವಲಿನಲ್ಲಿ ಒಂದು ಆಕಳು ಮೇಯಿಸುವುದು, ಉರುವಲು ತರುವುದು, ಹಕ್ಕಲು ಆಯುವುದು ಅವನ ಅಜ್ಜನ ಕಾಲದಿಂದ ನಡೆದು ಬಂದ ರೂಢಿ; ರೂಢಿಗೆ ಕಾಗದವಿಲ್ಲ. ಗುಡಿಸಲಿಗೆ ಹತ್ತಿದ ಮೇವಿನ ಹಕ್ಕಿನ ಬದಲು ನೆಲ ಸಿಕ್ಕರೂ ಅದು ಗುಡಿಸಲಿನ ಮಾಲಕನಿಗೆ ಹೋಯಿತು, ಅದರಲ್ಲಿ ಬಾಡಿಗೆಗಿದ್ದವನಿಗಲ್ಲ. ಎರಡು ಮೂರು ಎಕರೆ ಸಿಕ್ಕ ಸಣ್ಣ ಒಡೆಯನು ಗೊತ್ತುಪಡಿಸಿದ ಅವಧಿಯಲ್ಲಿ ತನ್ನ ಖರ್ಚಿನಿಂದ ಬೇಲಿ ಹಾಕಬೇಕು, ಸರ್ವೆಯ ಖರ್ಚಿನಲ್ಲಿ ತನ್ನ ಪಾಲು ಕೊಡಬೇಕು. ಎಷ್ಟೋ ಜನ ಅದನ್ನು ತಾಳಲಾರದೆ ಮಾರಿದರು. 1788ರಲ್ಲಿ ಹಕ್ಕಲು ಆಯುವುದು ಬಡವರ ಹಕ್ಕಲ್ಲವೆಂದು ಮೇಲಿನ ನ್ಯಾಯಾಲಯವೂ ತೀರ್ಪು ಕೊಟ್ಟಿತು.

ಆರ್ಥರ್ ಯಂಗ್ ಎಂಬ ಕೃಷಿ ಪಂಡಿತ ಈ ಬೇಲಿ ಹಾಕುವ ಕೆಲಸದ ದೊಡ್ಡ ಪ್ರಚಾರಕನಾಗಿದ್ದನು. ಊರೂರು ತಿರುಗಿ ಕಣ್ಣಾರೆ ಕಂಡ ಮೇಲೆ ಅವನೇ 1801ರಲ್ಲಿ, ಇಪ್ಪತ್ತು ಕಾಯಿದೆಗಳಲ್ಲಿ ಹತ್ತೊಂಬತ್ತರಿಂದ ಬಡವರಿಗೆ ಹಾನಿಯಾಗಿದೆ ಎಂದು ಬರೆದನು. ಬಂಜರನ್ನು ಹಂಚುವಾಗ ಬಡವರಿಗೆ ಆಕಳು ಸಾಕುವಷ್ಟು ನೆಲ ಕೊಡಬೇಕೆಂದು ವಾದಿಸಿದನು. ತನ್ನ ತಪ್ಪು ತಾನೇ ಒಪ್ಪಿಕೊಳ್ಳುವ ಪಂಡಿತರು ಎಲ್ಲ ಕಾಲದಲ್ಲಿಯೂ ವಿರಳ; ಆದರೆ ಅವನ ಮಾತು ಬರುವ ಹೊತ್ತಿಗೆ ಬಹಳಷ್ಟು ಬೇಲಿ ನಿಂತುಹೋಗಿತ್ತು.

ಬೇಲಿಯಿಂದ ಲಾಭವಾಗಲಿಲ್ಲವೆ? ಆಯಿತು. ನೀರು ಬಸಿಯುವ ಕಾಲುವೆ ತೋಡುವುದು, ದನದ ತಳಿ ಸುಧಾರಿಸುವುದು, ಬೇಕಾದ ಬೆಳೆ ಹಾಕುವುದು ಸುಲಭವಾಯಿತು. ಗೇಣಿಯೂ ಬಹಳ ಏರಿತು. ಆದರೆ ಇಳುವರಿ ಏರಿದುದೆಲ್ಲ ಬೇಲಿಯಿಂದ ಎಂಬುದು ನಿಜವಲ್ಲ. 1992ರಲ್ಲಿ ರಾಬರ್ಟ್ ಅಲೆನ್ ಎಂಬ ಅರ್ಥಶಾಸ್ತ್ರ ಇತಿಹಾಸಕಾರರು ದಕ್ಷಿಣ ಮಿಡ್‌ಲ್ಯಾಂಡ್ಸ್ ಸೀಮೆಯ ಲೆಕ್ಕಗಳನ್ನು ಕೂಡಿಸಿ, ಇಳುವರಿಯ ಏರಿಕೆಯ ಬಹುಪಾಲನ್ನು ಪಟ್ಟಿ-ಹೊಲದ ಸಣ್ಣ ರೈತರೂ ಸಾಧಿಸಿದ್ದರೆಂದು ತೋರಿಸಿದ್ದಾರೆ. ಒಳ್ಳೆಯ ಬೀಜ, ದ್ವಿದಳ ಬೆಳೆ ಅವರೂ ಬಲ್ಲವರಾಗಿದ್ದರು.

ಇನ್ನೂ ಉಳಿದ ಊರು

ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿ ಲ್ಯಾಕ್ಸ್‌ಟನ್ ಎಂಬ ಊರಿದೆ. ಅಲ್ಲಿ ಮೂರು ಬಯಲಿನ ಒಕ್ಕಲುತನ ಇಂದಿಗೂ ನಡೆಯುತ್ತಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬವನು ಆ ಊರಿನ ನಕಾಶೆ ಬರೆದಾಗ ಅಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪಟ್ಟಿಗಳಿದ್ದವು. 20ನೆಯ ಶತಮಾನದ ಪ್ರಾರಂಭದಲ್ಲಿ ಅವನ್ನು ಕೂಡಿಸಿ ಸಂಖ್ಯೆ ಕಡಿಮೆ ಮಾಡಿದರು, ಪಟ್ಟಿಗಳು ದೊಡ್ಡವಾದವು. ಆದರೆ ಬಯಲನ್ನು ಒಡೆಯಲಿಲ್ಲ, ನ್ಯಾಯಸಭೆಯನ್ನು ಮುಚ್ಚಲಿಲ್ಲ. 1952ರಲ್ಲಿ ಸರಕಾರದ ಕೃಷಿ ಖಾತೆಯೇ ಆ ಊರನ್ನು ಕೊಂಡು ಕಾಪಾಡಿತು. ಅನಂತರ ಒಡೆತನ ಬದಲಾದರೂ ಪದ್ಧತಿ ನಿಂತಿಲ್ಲ. ಪ್ರತಿ ವರ್ಷ ನವೆಂಬರ್ ಕೊನೆಗೆ ಪಂಚರು ಬಿತ್ತಿದ ಬಯಲನ್ನು ಸುತ್ತಿ, ಯಾರಾದರೂ ಸಾರ್ವಜನಿಕ ದಾರಿಯನ್ನೋ ಹುಲ್ಲಿನ ಪಟ್ಟಿಯನ್ನೋ ಒತ್ತಿ ಉತ್ತಿದ್ದಾರೆಯೇ ಎಂದು ನೋಡಿ ಗೂಟ ಹೊಡೆಯುತ್ತಾರೆ. ಒಂದು ವಾರದ ಮೇಲೆ ಸಭೆ ಕೂಡಿ ತಪ್ಪಿದವರಿಗೆ ಸಣ್ಣ ದಂಡ ಹಾಕುತ್ತದೆ. ಟ್ರ್ಯಾಕ್ಟರಿನಿಂದ ಉಳುವ ರೈತರು ಏಳೆಂಟು ನೂರು ವರ್ಷ ಹಳೆಯ ಪಂಚಾಯಿತಿಗೆ ತಲೆಬಾಗುತ್ತಾರೆ. ತುಂಡು ಕೂಡಿಸುವುದೂ ಊರಿನ ಕಟ್ಟಳೆ ಉಳಿಸುವುದೂ ಒಂದಕ್ಕೊಂದು ವಿರೋಧವಲ್ಲವೆಂಬುದಕ್ಕೆ ಇದೊಂದು ಊರು ಸಾಕು.

ನಾವು ಮಾಡಬೇಕಾದುದು

ನಮ್ಮ ಸೀಮೆಯಲ್ಲಿ ಹೊಲ ಸಣ್ಣದಾಗುತ್ತಿರುವುದು ಸುಳ್ಳಲ್ಲ. ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಅವರು 1917ರಲ್ಲಿ ಪ್ರಕಟಿಸಿದ ಒಂದು ದಖ್ಖಣಿ ಹಳ್ಳಿಯ ಅಧ್ಯಯನದಲ್ಲಿ, 1771ರಲ್ಲಿ ಸರಾಸರಿ 40 ಎಕರೆಯಿದ್ದ ಹಿಡುವಳಿ 1915ರ ಹೊತ್ತಿಗೆ 7 ಎಕರೆಗೆ ಇಳಿದುದನ್ನು ತೋರಿಸಿದರು. 1947ರ ಮುಂಬಯಿ ತುಕಡೆಬಂದಿ ಕಾಯಿದೆ ಬಂದುದೂ ಇದೇ ಚಿಂತೆಯಿಂದ. ಆದುದರಿಂದ ಕೂಡಿಸೋಣ. ಆದರೆ ಇಂಗ್ಲಂಡದವರು ತಪ್ಪಿದ ಕಡೆ ನಾವು ತಪ್ಪಬಾರದು. ಬರುವ ಸಭೆಯಲ್ಲಿ ಸಹಿ ಹಾಕುವ ಮುಂಚೆ ನಾನು ಮೂರು ಮಾತು ಕೇಳುವವನಿದ್ದೇನೆ. ಬೇರೆ ಊರಿನವರೂ ತಮ್ಮ ತಮ್ಮಲ್ಲಿ ಕೇಳಬೇಕೆಂದು ವಿನಂತಿ.

ಮೊದಲನೆಯದು, ಎಕರೆಗೆ ಎಕರೆ ಬದಲಿ ನ್ಯಾಯವಲ್ಲ. ಮಣ್ಣಿನ ಆಳ, ನೀರು, ದೂರ ಇವುಗಳ ಬೆಲೆ ಕಟ್ಟಿ ಬದಲಿಸಬೇಕು. ಎರೆಯಲ್ಲಿ ಪೂರ್ತಿ ಒಬ್ಬನಿಗೆ, ಮಸಾರಿಯಲ್ಲಿ ಪೂರ್ತಿ ಇನ್ನೊಬ್ಬನಿಗೆ ಆದರೆ ಮಳೆ ಕೈಕೊಟ್ಟ ವರ್ಷ ಒಬ್ಬನ ಮನೆ ಮುಳುಗೀತು. ಹತ್ತು ತುಂಡು ಎರಡಾದರೆ ಸಾಕು. ಒಂದೇ ಆಗಬೇಕೆಂಬ ಹಟ ಬೇಡ.

ಎರಡನೆಯದು, ಗಾಡಿದಾರಿ, ಬಾವಿಯ ನೀರಿನ ಸರದಿ, ಗಾಯರಾಣದ ಮೇವು, ಇವೆಲ್ಲ ಇಂದು ಬಾಯಿಮಾತಿನಲ್ಲಿವೆ. ಅದಲು-ಬದಲಿನ ಪತ್ರಕ್ಕಿಂತ ಮೊದಲು ಇವನ್ನು ಬರೆಯಬೇಕು. ರೂಢಿಯನ್ನು ನಂಬಿ ಕೂತ ಇಂಗ್ಲಂಡದ ಬಡವನ ಆಕಳಿಗೆ ಕೊನೆಗೆ ಮೇವಿಲ್ಲವಾಯಿತು.

ಮೂರನೆಯದು, ಎಣಿಕೆ ತಲೆಯದಾಗಲಿ. ಐವತ್ತು ಎಕರೆಯವನದೂ ಒಂದು ಕೈ, ಎರಡು ಎಕರೆಯವನದೂ ಒಂದು ಕೈ. ಲಾವಣಿಯಿಂದ ಉಳುವವರನ್ನೂ, ಕುರಿ ಮೇಯಿಸುವವರನ್ನೂ, ಉತಾರೆಯಲ್ಲಿ ಹೆಸರೇ ಇಲ್ಲದ ಕೂಲಿಯವರನ್ನೂ ಚಾವಡಿಗೆ ಕರೆದು ಕೇಳಬೇಕು. ಹೋದ ತಿಂಗಳ ಸಭೆಯಲ್ಲಿ ಅವರೊಬ್ಬರೂ ಇರಲಿಲ್ಲ. ಅದನ್ನು ಅಂದು ಗಮನಿಸಿಯೂ ಸುಮ್ಮನೆ ಕೂತ ತಪ್ಪು ನನ್ನದೂ ಹೌದು.

ಇನ್ನು ಕಂಬಕ್ಕೆ ಒರಗಿ ಕೂತಿದ್ದ ಹಿರಿಯರಿಗೆ: ನಿಮ್ಮ ಅಜ್ಜಂದಿರಿಗೆ ಬುದ್ಧಿ ಇತ್ತರೀ. ಇಂಗ್ಲಂಡದ ಒಕ್ಕಲಿಗನ ಅಜ್ಜನಿಗೂ ಅದೇ ಬುದ್ಧಿ ಇತ್ತು. ಬರುವ ಸಭೆಗೆ ನೀವು ಹಿಂದೆ ಕೂಡ್ರಬೇಡಿರಿ, ಮುಂದೆ ಬನ್ನಿರಿ. ಯಾವ ಪಟ್ಟಿಯಲ್ಲಿ ನೀರು ನಿಲ್ಲುತ್ತದೆ, ಯಾವುದರಲ್ಲಿ ಬರ ಬಂದರೂ ಜೋಳ ನಿಲ್ಲುತ್ತದೆ ಎಂಬುದು ಸರ್ವೆ ನಕಾಶೆಯಲ್ಲಿಲ್ಲ, ನಿಮಗೆ ಗೊತ್ತಿದೆ.